ಬೈಕಿನ ಚೈನಿಗೆ ತಾನಾಗಿ ಆಯಿಲ್ ಬಿಡುವ ಸಾಧನ – ದುಡ್ಡು ಹಾಕುವ ಮುಂಚೆ



ಹಾಲನ್ನು ಡೈರಿಗೆ ಮುಟ್ಟಿಸಲು, ಮೀನು ಮಾರಲು, ಮಕ್ಕಳನ್ನು ಶಾಲೆಗೆ ಬಿಡಲು ಸಂಘದ ಸಾಲ ತೆಗೆದು ಬೈಕ್ ಕೊಂಡ ಮನೆಗಳು ನಮ್ಮಲ್ಲಿ ಬಹಳ ಇವೆ. ಕಂತು ಕಟ್ಟುವವರು ನೀವು. ಆದರೆ ಬೈಕಿನ ರಿಪೇರಿ ಮಾತು ಬಂದ ಕೂಡಲೇ "ಅದು ಗಂಡಸರ ವಿಷಯ ಸಿಸ್ಟರ್" ಅಂತ ಸುಮ್ಮನಾಗುತ್ತೀರಿ. ಹೀಗಾಗಬಾರದೆಂದೇ ಈ ಸಲ ಒಂದು ಸಣ್ಣ ಸಾಧನದ ಬಗ್ಗೆ ಬರೆಯುತ್ತಿದ್ದೇವೆ. ಬೈಕ್ ಓಡುವಾಗ ಚೈನಿಗೆ ತಾನಾಗಿಯೇ ಹನಿ ಹನಿಯಾಗಿ ಆಯಿಲ್ ಬಿಡುವ ಸಾಧನ ಇದು. ಇದಕ್ಕೆ ಚೈನ್ ಆಯಿಲರ್ ಎನ್ನುತ್ತಾರೆ.

ಮೊದಲು ಚೈನಿನ ಕಥೆ. ಅದರಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳು, ಪ್ರತಿ ಕೊಂಡಿಗೆ ಒಂದು ಪಿನ್ನು. ಆಯಿಲ್ ಒಣಗಿ ಧೂಳು ಸೇರಿದರೆ ಪಿನ್ನು ಸವೆಯುತ್ತದೆ. ಒಂದೊಂದು ಕೊಂಡಿ ಕೂದಲೆಳೆಯಷ್ಟು ಸಡಿಲವಾದರೂ ಇಡೀ ಚೈನು ಉದ್ದವಾಗಿ ಜೋತು ಬೀಳುತ್ತದೆ. ಉದ್ದವಾದ ಚೈನು ಹಲ್ಲಿನ ಚಕ್ರವನ್ನೂ ತಿನ್ನುತ್ತದೆ. ಆಮೇಲೆ ಚೈನು ಒಂದನ್ನೇ ಬದಲಿಸಿದರೆ ಸಾಲದು, ಎರಡೂ ಸ್ಪ್ರಾಕೆಟ್ ಸೇರಿ ಪೂರಾ ಸೆಟ್ಟೇ ಹಾಕಿಸಬೇಕು. ಖರ್ಚು ಹಾಗಿರಲಿ. ಓಡುತ್ತಿರುವಾಗ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ಅಲ್ಲೇ ಹಿಡಿದು ನಿಲ್ಲುತ್ತದೆ. ಹಿಂದೆ ನೀವು, ಮುಂದೆ ಟ್ಯಾಂಕಿನ ಮೇಲೆ ಮಗು ಇದ್ದರೆ ಏನಾದೀತು, ಯೋಚಿಸಿ.

ಹಾಗಾದರೆ ಆಯಿಲರ್ ಹಾಕಿಸಬೇಕಾ? ನಿಮ್ಮ ಬೈಕಿನ ಚೈನು ಕಣ್ಣಿಗೆ ಕಾಣುತ್ತದೋ ಇಲ್ಲವೋ ನೋಡಿ ಬನ್ನಿ. ಹೀರೋ ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಚೈನು ಪೂರ್ತಿ ಡಬ್ಬಿಯೊಳಗೇ ಇರುತ್ತದೆ. ಕೆಸರು, ಧೂಳು ಬೇಗ ಒಳಗೆ ಹೋಗುವುದಿಲ್ಲ. ಇಂಥ ಬೈಕಿಗೆ ಆಯಿಲರ್ ದಂಡ ಖರ್ಚು. ಆ ಕವರು ಒಡೆದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಚೈನು ಹೊರಗೇ ಕಾಣುವ ಬೈಕು, ದಿನಕ್ಕೆ ಎಂಬತ್ತು ನೂರು ಕಿಲೋಮೀಟರ್ ಓಟ, ಮಳೆಗಾಲದಲ್ಲೂ ಬಿಡುವಿಲ್ಲ – ಇಂಥವರಿಗೆ ಮಾತ್ರ ಯೋಚಿಸಬಹುದು.

ಇದರಲ್ಲಿ ಹಲವು ಬಗೆ ಇವೆ. ಸ್ಕಾಟ್ಲೆಂಡಿನ ಸ್ಕಾಟಾಯ್ಲರ್ ಹೆಸರುವಾಸಿ. ಅದರ ಹಳೆಯ ಬಗೆ ಎಂಜಿನ್ ಗಾಳಿ ಎಳೆಯುವ ಬಲದಿಂದಲೇ ಕೆಲಸ ಮಾಡುತ್ತದೆ: ಎಂಜಿನ್ ಚಾಲೂ ಆದರೆ ಬಾಯಿ ತೆರೆದು ಹನಿ ಬೀಳುತ್ತದೆ, ಆಫ್ ಮಾಡಿದರೆ ಮುಚ್ಚಿಕೊಳ್ಳುತ್ತದೆ. ನಂಬಿಕೆಯ ವಿಧಾನವೇ ಸರಿ, ಆದರೆ ಇದಕ್ಕಾಗಿ ಎಂಜಿನ್ನಿನ ಗಾಳಿ ದಾರಿಗೆ ಪೈಪ್ ಜೋಡಿಸಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕುಗಳಲ್ಲಿ ಪೆಟ್ರೋಲ್ ಅಳತೆಯನ್ನು ಸೆನ್ಸರ್ ನೋಡಿಕೊಳ್ಳುತ್ತದೆ. ಅಲ್ಲಿ ಗಾಳಿ ಸೋರಿದರೆ ಎಂಜಿನ್ ಸರಿಯಾಗಿ ಓಡದು. ವಾರಂಟಿ ಇರುವ ಬೈಕಾದರೆ ಶೋರೂಮಿನಲ್ಲಿ ಕೇಳದೆ ಪೈಪಿಗೆ ಕೈ ಹಾಕಿಸಬೇಡಿ. ಎರಡನೆಯದು ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಬಗೆ. ಹನಿಯ ಲೆಕ್ಕ ಚೆನ್ನಾಗಿ ಇಡುತ್ತದೆ, ಬೆಲೆ ಮಾತ್ರ ಜಾಸ್ತಿ. ಮೂರನೆಯದು ನಲ್ಲಿ ತಿರುಗಿಸಿದರೆ ತಾನೇ ಇಳಿಯುವ ಸಾದಾ ಬಾಟಲಿ. ಅಗ್ಗವೇನೋ ಹೌದು, ಆದರೆ ನಲ್ಲಿ ಮುಚ್ಚಲು ಮರೆತರೆ ಬೆಳಗಾಗುವಾಗ ಆಯಿಲೆಲ್ಲ ಅಂಗಳದಲ್ಲಿ! ಕೈಯಿಂದ ಒತ್ತಿದರೆ ಮಾತ್ರ ಸ್ವಲ್ಪ ಆಯಿಲ್ ಬಿಡುವ ಬಾಟಲಿಯೂ ಇದೆ. ತಾನಾಗಿ ನಡೆಯದಿದ್ದರೂ ಸಾದಾ ಬಾಟಲಿಗಿಂತ ಅದೇ ವಾಸಿ ಎಂದು ನಮಗೆ ಕಾಣುತ್ತದೆ.

ಯಾವುದೇ ಇರಲಿ, ಆಯಿಲ್ ಬೀಳುವ ಜಾಗ ಮುಖ್ಯ. ಕೊಳವೆಯ ತುದಿ ಹಿಂದಿನ ಸ್ಪ್ರಾಕೆಟ್ಟಿನ ಬದಿಗೆ, ಕೆಳಭಾಗದಲ್ಲಿ ತಾಗುವಂತಿರಬೇಕು. ಚಕ್ರ ತಿರುಗುವಾಗ ಆಯಿಲ್ ತಾನೇ ಹೊರಕ್ಕೆ ಸರಿದು ಕೊಂಡಿಗಳಿಗೆ ಸೇರುತ್ತದೆ. ನಿಮಿಷಕ್ಕೆ ಒಂದೆರಡು ಹನಿ ಧಾರಾಳ. ಒಂದು ಮಿಲಿಲೀಟರಿಗೆ 30 ಹನಿ ಎಂದು ಲೆಕ್ಕ ಹಿಡಿದರೆ, 50 ಮಿಲಿಲೀಟರ್ ಬಾಟಲಿ ನಿಮಿಷಕ್ಕೊಂದು ಹನಿಯಂತೆ 25 ಗಂಟೆಯ ಓಟಕ್ಕೆ ಬರುತ್ತದೆ. ಅದಕ್ಕಿಂತ ತುಂಬಾ ಬೇಗ ಖಾಲಿಯಾದರೆ ಆಯಿಲ್ ಚೈನಿಗೆ ಹೋಗುತ್ತಿಲ್ಲ, ಟಯರಿಗೆ ಹಾರುತ್ತಿದೆ ಎಂದರ್ಥ. ಟಯರಿಗೆ ಆಯಿಲ್ ತಾಗಿದರೆ ತಿರುವಿನಲ್ಲಿ ಬೈಕ್ ಜಾರುವುದು ಖಂಡಿತ. ಹಾಕಿಸಿದ ಮೊದಲ ವಾರ ದಿನಾ ಹಿಂದಿನ ರಿಮ್ಮಿನಲ್ಲಿ ಕಪ್ಪು ಚುಕ್ಕೆ ಇದೆಯಾ ನೋಡಿ.

ಇನ್ನೊಂದು ಮಾತು. ಕೊಳವೆಗೆ ಜಾಗ ಬೇಕೆಂದು ಮೆಕ್ಯಾನಿಕ್ ಸೀರೆ ಗಾರ್ಡ್ ಬಿಚ್ಚಲು ಹೊರಟರೆ ಬೇಡವೆಂದು ಹೇಳಿ. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಗದಂತೆ ತಡೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಜೀವ ಹೋದ ಸುದ್ದಿ ನಾವೆಲ್ಲ ಕೇಳಿದವರೇ.

ಆಯಿಲರ್ ಬೇಡವಾದವರು, ಅಂದರೆ ನಮ್ಮಲ್ಲಿ ಹೆಚ್ಚಿನವರು, ಏನು ಮಾಡಬೇಕು? ಒಂದು ಬಾಟಲಿ 90 ನಂಬರಿನ ಗೇರ್ ಆಯಿಲ್ ಸಾಕು, ತಿಂಗಳುಗಟ್ಟಲೆ ಬರುತ್ತದೆ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಹಳೆ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ, ಮಸಿ ಇರುತ್ತದೆ, ಕೈಯ ಚರ್ಮಕ್ಕೂ ಕೆಟ್ಟದ್ದು. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಇನ್ನೂ ಬೇಗ, ಚೈನನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಆಯಿಲ್ ಬಿಡಿ. ಪೆಟ್ರೋಲಿನಿಂದ ಒರೆಸಬೇಡಿ, ಕೆಲವು ಚೈನುಗಳ ಒಳಗಿನ ರಬ್ಬರ್ ಉಂಗುರ ಹಾಳಾಗುತ್ತದೆ. ಸಂಜೆ ಬೈಕ್ ಮನೆಗೆ ಬಂದ ಮೇಲೆ ಹಾಕುವುದು ಒಳ್ಳೆಯದು. ಚೈನು ಬೆಚ್ಚಗಿರುತ್ತದೆ, ರಾತ್ರಿಯಿಡೀ ಆಯಿಲ್ ಒಳಗಿಳಿಯುತ್ತದೆ. ಹೆಚ್ಚಾದದ್ದನ್ನು ಒರೆಸಿಬಿಡಿ.

ಈ ಕೆಲಸ ಎಂಜಿನ್ ಆಫ್ ಮಾಡಿ, ಕೀ ತೆಗೆದು, ದೊಡ್ಡ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲೇ ಆಗಬೇಕು. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. "ಬೇಗ ಆಗ್ತದೆ" ಅಂತ ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ. ಆಗ ಮಕ್ಕಳನ್ನು ಹತ್ತಿರ ಬಿಡಲೇಬೇಡಿ.

ಆಯಿಲರಿಗಾಗಿ ಸಂಘದಲ್ಲಿ ಸಾಲದ ಅರ್ಜಿ ಬಂದರೆ ದಿನದ ಓಟ ಎಷ್ಟು, ಚೈನಿಗೆ ಕವರ್ ಇದೆಯಾ, ಹೊಸ ಚೈನ್ ಸೆಟ್ಟಿಗೆ ಎಷ್ಟಾಗುತ್ತದೆ ಎಂದು ಸಭೆಯಲ್ಲೇ ಕೇಳಿ ಬರೆದುಕೊಳ್ಳಿ. ವಿದೇಶದಿಂದ ಬರುವ ಆಯಿಲರಿನ ಬೆಲೆಗೆ ಸಾಧಾರಣ ಬೈಕಿನ ಹಲವು ಸೆಟ್ ಬರುತ್ತದೆ.