ನೆಲವೇ ಡೊಂಕಾಗಿದ್ದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ಮಾಡಿದವರ ಬಾಯಿ ಮುಚ್ಚಿಸಲು ನಾವು ತಲೆಮಾರುಗಳಿಂದ ಬಳಸುತ್ತಿರುವ ಗಾದೆ ಇದು. ಆದರೆ ನೆಲ ನಿಜಕ್ಕೂ ಡೊಂಕಿದೆಯೇ ಎಂದು ಬಗ್ಗಿ ನೋಡಿದವರು ಕಡಿಮೆ.

ಹಾಗೆ ನೋಡಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಒಬ್ಬರು. ಎರಡನೇ ಮಹಾಯುದ್ಧದ ಕಾಲ. ಬಿ-17 ಬಾಂಬರ್ ವಿಮಾನಗಳು ಶತ್ರುವಿನ ಗುಂಡುಗಳಿಂದ ಪಾರಾಗಿ ಬಂದು, ಸುರಕ್ಷಿತವಾಗಿ ನೆಲ ಮುಟ್ಟಿ, ರನ್‌ವೇ ಮೇಲೆ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಇಳಿದ ಮೇಲೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಮಡಚಬೇಕಾದ ಪೈಲಟ್, ಚಕ್ರಗಳನ್ನೇ ಮಡಚಿಬಿಟ್ಟಿರುತ್ತಿದ್ದ. ‘ಪೈಲಟ್ ದೋಷ’ ಎಂದು ಬರೆದರೆ ಕಡತ ಮುಗಿಯುತ್ತಿತ್ತು.

ಚಪಾನಿಸ್ ಕಾಕ್‌ಪಿಟ್‌ ಒಳಗೆ ನೋಡಿದರು. ಫ್ಲ್ಯಾಪ್ ಮತ್ತು ಚಕ್ರದ ಸ್ವಿಚ್‌ಗಳು ಅಕ್ಕಪಕ್ಕದಲ್ಲಿದ್ದವು, ಆಕಾರವೂ ಒಂದೇ. ಇವುಗಳ ಜೋಡಣೆ ಬೇರೆಯಾಗಿದ್ದ ಸಿ-47 ವಿಮಾನದ ಪೈಲಟ್‌ಗಳು ಈ ತಪ್ಪು ಮಾಡುತ್ತಿರಲಿಲ್ಲ. ಗಂಟೆಗಟ್ಟಲೆ ಹಾರಿ ದಣಿದ ಮಿದುಳು ಪ್ರತಿ ಕೆಲಸವನ್ನೂ ಯೋಚಿಸಿ ಮಾಡುವುದಿಲ್ಲ. ಕೈಯನ್ನು ರೂಢಿಗೆ ಒಪ್ಪಿಸುತ್ತದೆ. ಕೈಗೆ ಎರಡೂ ಒಂದೇ ಆಗಿ ತೋರಿದರೆ ಎಡವುವುದು ಖಚಿತ. ಚಪಾನಿಸ್ ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಗಾಲಿಯನ್ನೂ, ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡನ್ನೂ ಕೂಡಿಸಿದರು. ಕಣ್ಣು ಹಾಯಿಸದೆಯೂ ಬೆರಳಿಗೆ ವ್ಯತ್ಯಾಸ ತಿಳಿಯತೊಡಗಿತು. 1947ರಲ್ಲಿ ಸಂಶೋಧಕರಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 ‘ಪೈಲಟ್ ದೋಷ’ಗಳನ್ನು ಪರಿಶೀಲಿಸಿದಾಗ, ಅರ್ಧದಷ್ಟು ಪ್ರಕರಣಗಳು ಒಂದು ಹಿಡಿಕೆಯ ಬದಲು ಇನ್ನೊಂದಕ್ಕೆ ಕೈಹಾಕಿದವೇ ಆಗಿದ್ದವು.

ಬಿ-17ರಲ್ಲಿ ಸಾಮಾನ್ಯವಾಗಿ ಹತ್ತು ಜನರ ತಂಡ ಇರುತ್ತಿತ್ತು. ಒಬ್ಬನ ಕೈ ತಪ್ಪಿದರೆ ಹತ್ತು ಜೀವಗಳಿಗೆ ಅಪಾಯ. ಕೆಟ್ಟ ವಿನ್ಯಾಸದ ನಿಜವಾದ ಹಾನಿ ಇಲ್ಲಿದೆ ಎಂದು ನನಗನ್ನಿಸುತ್ತದೆ. ಅದು ಮೊದಲು ಮನುಷ್ಯನನ್ನು ತಪ್ಪಿಗೆ ನೂಕುತ್ತದೆ, ಆಮೇಲೆ ಅವನಿಗೆ ತನ್ನ ಮೇಲಿರುವ ನಂಬಿಕೆಯನ್ನೂ, ಜೊತೆಗಾರರಿಗೆ ಅವನ ಮೇಲಿರುವ ನಂಬಿಕೆಯನ್ನೂ ಕಿತ್ತುಕೊಳ್ಳುತ್ತದೆ.

ಒಳ್ಳೆಯ ವಿನ್ಯಾಸ ಆ ನಂಬಿಕೆಯನ್ನು ಕಟ್ಟಲೂಬಲ್ಲದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ 1982ರಲ್ಲಿ ಮುಚ್ಚಿತು. ಗೈರುಹಾಜರಿ, ಜಗಳಗಳಿಗೆ ಅದು ಹೆಸರಾಗಿತ್ತು. ಏನೇ ಆದರೂ ಅಸೆಂಬ್ಲಿ ಲೈನ್ ನಿಲ್ಲಕೂಡದೆಂಬುದು ಅಲ್ಲಿನ ನಿಯಮ. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನಮ್ಮಿ’ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ. ಈ ಸಲ ಅವರ ಕೈಗೆಟುಕುವಂತೆ ಒಂದು ಹಗ್ಗವಿತ್ತು. ಏನಾದರೂ ಕೆಟ್ಟರೆ ಯಾವ ಕಾರ್ಮಿಕ ಬೇಕಾದರೂ ಅದನ್ನು ಎಳೆಯಬಹುದು. ಫಲಕದಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖ್ಯಸ್ಥ ನೆರವಿಗೆ ಧಾವಿಸುತ್ತಾನೆ, ಸರಿಯಾಗದಿದ್ದರೆ ಲೈನ್ ನಿಲ್ಲುತ್ತದೆ. ಜಪಾನಿಯರು ಈ ಏರ್ಪಾಟಿಗೆ ‘ಆಂಡಾನ್’ ಎನ್ನುತ್ತಾರೆ, ಮೂಲದಲ್ಲಿ ಅದು ಕಾಗದದ ಲಾಟೀನಿನ ಹೆಸರು. ಹಗ್ಗವೊಂದೇ ಎಲ್ಲವನ್ನೂ ಬದಲಿಸಲಿಲ್ಲ. ತರಬೇತಿ, ಕೆಲಸದ ಭದ್ರತೆ, ಸಣ್ಣ ತಂಡಗಳ ವ್ಯವಸ್ಥೆಯೂ ಜೊತೆಗಿದ್ದವು. ಗೈರುಹಾಜರಿ ಇಳಿಯಿತು, ಕಾರುಗಳ ಗುಣಮಟ್ಟ ಏರಿತು.

ಹಗ್ಗ ಎಳೆಯುವ ಧೈರ್ಯ ಎಲ್ಲಿಂದ ಬರುತ್ತದೆ? 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ದಾದಿಯರ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಅಲ್ಲಿ ಹೆದರದೆ ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಫ್ರೀಮಾಂಟ್‌ನಲ್ಲಿ ‘ಇಲ್ಲಿ ತಪ್ಪಿದೆ’ ಎನ್ನುವುದು ನಾಚಿಕೆಯ ವಿಷಯವಾಗದೆ ದಿನದ ಕೆಲಸದ ಭಾಗವಾಗುವಂತೆ ಮಾಡಿದ್ದು ಆ ಹಗ್ಗ.

ನಮ್ಮ ಕಚೇರಿಯ ಸಾಫ್ಟ್‌ವೇರ್ ಇರಲಿ, ಗಿರಣಿಯ ಯಂತ್ರವಿರಲಿ, ಮುಂದಿನ ಸಲ ಯಾರಾದರೂ ಎಡವಿದಾಗ ಬೈಯುವ ಮುನ್ನ ಒಮ್ಮೆ ಬಗ್ಗಿ ನೋಡೋಣ. ಇಂದಿಗೂ ಪ್ರಯಾಣಿಕ ವಿಮಾನಗಳಲ್ಲಿ ಚಕ್ರ ಮಡಚುವ ಹಿಡಿಕೆಯ ತುದಿ ಪುಟ್ಟ ಗಾಲಿಯಂತೆಯೇ ಇರುತ್ತದೆ. ಯಾರೋ ಒಮ್ಮೆ ಪೈಲಟ್‌ನನ್ನು ಬಿಟ್ಟು ನೆಲವನ್ನು ಪರೀಕ್ಷಿಸಿದ್ದರ ಗುರುತು ಅದು.