ಗ್ರಂಥಾಲಯದ ಜಾಲತಾಣವು ಓದುಗನಿಗೆ ಹೇಳಬೇಕಾದುದೇನು?

ಹೋಟೆಲಿನಲ್ಲಿ ದುಡಿಯುವವನಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸಂಜೆಯ ಚಹಾದವರೆಗೆ ದೊರೆಯುವ ಬಿಡುವು ಬಹು ಸ್ವಲ್ಪ. ಗುಮಾಸ್ತನಿಗೆ ಭಾನುವಾರವೊಂದೇ. ಆ ವೇಳೆಯಲ್ಲಿ ರೈಲು ಹತ್ತಿ ಗ್ರಂಥಾಲಯಕ್ಕೆ ಹೋದವನು ಬಾಗಿಲಿಗೆ ಬೀಗವನ್ನು ಕಂಡು ಹಿಂದಿರುಗಿದರೆ, ಮತ್ತೆ ಆ ದಾರಿ ಹಿಡಿಯುವನೆಂದು ನಂಬಲಾಗದು. ಹೊರಡುವ ಮುನ್ನ ಅವನು ನೋಡುವುದು ಕೈಯಲ್ಲಿರುವ ಮೊಬೈಲನ್ನು. ಆದುದರಿಂದ ಇಂದು ಸಾರ್ವಜನಿಕ ಗ್ರಂಥಾಲಯದ ಮೊದಲನೆಯ ಬಾಗಿಲು ಅದರ ಜಾಲತಾಣವೇ ಆಗಿರುವುದು. ಅಲ್ಲಿ ಏನನ್ನು ಬರೆಯಬೇಕೆಂಬ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆಗೂ ಶಿಕ್ಷಣಕ್ಕೂ ಒಂದು ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಆ ಊರಿನಲ್ಲಿಯೇ ಕಾಲವಾದ ಮಹನೀಯರು ಅವರು. ಓದುಗನ ವೇಳೆಯನ್ನು ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರ. ಜಾಲತಾಣವನ್ನು ಬರೆಯುವವರಿಗೆ ಇದೊಂದೇ ಸಾಕು.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಾವು ಕಲಿತ ಪಾಠವೂ ಅದೇ. ಹಸಿದು ಬಂದ ಗಿರಾಕಿಗೆ ಹೋಟೆಲಿನ ಚರಿತ್ರೆ ಬೇಡ. ಇಂದಿನ ತಿಂಡಿ ಏನು, ಬೆಲೆ ಎಷ್ಟು, ಇಷ್ಟು ತಿಳಿದರೆ ಸಾಕು. ಅಂತೆಯೇ ಗ್ರಂಥಾಲಯವು ತೆರೆಯುವ ಮತ್ತು ಮುಚ್ಚುವ ವೇಳೆ, ವಾರದ ರಜೆ, ಹತ್ತಿರದ ನಿಲ್ದಾಣ, ಠೇವಣಿ, ಎಷ್ಟು ಪುಸ್ತಕ ಎಷ್ಟು ದಿನಕ್ಕೆಂಬ ನಿಯಮ, ಇವು ಮೊದಲ ಪುಟದಲ್ಲಿಯೇ ಕಾಣಬೇಕು. ಉದ್ಘಾಟನೆಯ ಚಿತ್ರಗಳೂ ಅಧ್ಯಕ್ಷರ ಸಂದೇಶವೂ ಹಿಂದಿನ ಪುಟಕ್ಕೆ ಹೋದರೆ ಯಾರಿಗೂ ನಷ್ಟವಿಲ್ಲ. ನಿನ್ನೆಯ ತಿಂಡಿಯ ಹೆಸರು ಇಂದಿನ ಹಲಗೆಯ ಮೇಲಿರಬಾರದು. ಪುಟವನ್ನು ಕೊನೆಯ ಬಾರಿ ತಿದ್ದಿದ ದಿನಾಂಕವೂ ಅಲ್ಲಿರಬೇಕು.

ಇನ್ನೊಂದು ಮಾತು. 'ವಾಸಸ್ಥಳದ ಪುರಾವೆ ಅಗತ್ಯ' ಎಂಬ ಒಂದೇ ಸಾಲು ಎಷ್ಟೋ ಜನರನ್ನು ಹೊರಗೆ ನಿಲ್ಲಿಸುತ್ತದೆ. ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗನ ಹೆಸರಿನಲ್ಲಿ ಬಾಡಿಗೆಯ ಕರಾರೂ ಇಲ್ಲ, ವಿದ್ಯುತ್ತಿನ ಬಿಲ್ಲೂ ಇಲ್ಲ. ಯಾವ ಯಾವ ಕಾಗದ ನಡೆಯುತ್ತದೆ, ಮಾಲಿಕರ ಪತ್ರ ಸಾಲುವುದೇ, ಸದಸ್ಯನಾಗದೆ ಒಳಗೆ ಕುಳಿತು ಓದಬಹುದೇ ಎಂಬುದನ್ನು ತಿಳಿಗನ್ನಡದಲ್ಲಿಯೋ ಆ ಊರಿನ ಜನರ ಮಾತಿನಲ್ಲಿಯೋ ಬಿಡಿಸಿ ಬರೆದರೆ ಆ ಹುಡುಗನು ಧೈರ್ಯದಿಂದ ಮೆಟ್ಟಿಲೇರುವನು.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ವಿಶೇಷ ಹಕ್ಕೊಂದಿದೆ. 1954ರ ಗ್ರಂಥ ಸಲ್ಲಿಕೆಯ ಶಾಸನದ ಪ್ರಕಾರ, ಭಾರತದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಿಂದ ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಗಳ ನಿಯುಕ್ತ ಗ್ರಂಥಾಲಯಗಳಿಗೂ ಕಳುಹಿಸಬೇಕು. ಧಾರವಾಡದಲ್ಲಿ ಅಚ್ಚಾದ ಕಾದಂಬರಿಗೂ ಈ ನಿಯಮವೇ. ಹಾಗೆ ಬಂದ ಕನ್ನಡದ ಪುಸ್ತಕಗಳು ಯಾವ ಕೊಠಡಿಯಲ್ಲಿವೆ, ಅವನ್ನು ಕೇಳುವ ಬಗೆ ಹೇಗೆ ಎಂದು ಜಾಲತಾಣದಲ್ಲಿ ಕಾಣದಿದ್ದರೆ, ಓದುಗನ ಪಾಲಿಗೆ ಆ ಪುಸ್ತಕಗಳು ಇಲ್ಲದಂತೆಯೇ ಸರಿ.

ಪುಸ್ತಕಗಳ ಪಟ್ಟಿಯ ಲಿಪಿಯೂ ಅಷ್ಟೇ ಮುಖ್ಯ. ಶಿವರಾಮ ಕಾರಂತರ 'ಚೋಮನ ದುಡಿ'ಯ ಹೆಸರನ್ನು ಇಂಗ್ಲಿಷು ಅಕ್ಷರಗಳಲ್ಲಿ ಮಾತ್ರ ಬರೆದಿಟ್ಟರೆ, ಕನ್ನಡದಲ್ಲಿ ಹುಡುಕುವವನಿಗೆ 'ಇಲ್ಲ' ಎಂಬ ಉತ್ತರವೇ ಬರಬಹುದು. ಪುಸ್ತಕವು ಕಪಾಟಿನಲ್ಲಿಯೇ ಇರುತ್ತದೆ! ಯೂನಿಕೋಡ್ ಕನ್ನಡದಲ್ಲಿಯೂ ಹೆಸರನ್ನು ನಮೂದಿಸುವುದೇ ಇದಕ್ಕೆ ಪರಿಹಾರ. ಪ್ರಕಟಣೆಗಳನ್ನು ಚಿತ್ರವಾಗಿ ಅಂಟಿಸದೆ ಅಕ್ಷರಗಳಲ್ಲಿಯೇ ಬರೆಯಬೇಕು. ಚಿತ್ರದೊಳಗಿನ ಬರಹವು ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಎಷ್ಟೋ ವೇಳೆ ದಕ್ಕುವುದಿಲ್ಲ.

ಇದೆಲ್ಲ ಗ್ರಂಥಪಾಲರ ಹೊಣೆಯೆಂದು ನಾವು ಸುಮ್ಮನೆ ಕೂಡುವಂತಿಲ್ಲ. ನಮ್ಮ ವಾಚಕರು ತಮ್ಮ ಊರಿನ ಗ್ರಂಥಾಲಯದ ಜಾಲತಾಣವನ್ನು ಇಂದೇ ತೆರೆದು ನೋಡಲಿ. ಬೇಕಾದ ಸಂಗತಿ ಕಾಣದಿದ್ದರೆ ವಿನಯದಿಂದ ಒಂದು ಪತ್ರ ಬರೆಯಲಿ. ಕನ್ನಡ ಪುಸ್ತಕಗಳನ್ನು ಕೇಳುವವರಿದ್ದಾರೆಂಬುದು ಗ್ರಂಥಾಲಯದವರಿಗೆ ಮೊದಲು ತಿಳಿಯಬೇಕಷ್ಟೆ.