ಹೆರಿಗೆಯಾದ ಮೇಲಿನ 42 ದಿನ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಹಳ್ಳಿಗಾಡಿಗೆ ಸೂಲಗಿತ್ತಿಯರೇ ದಿಕ್ಕಾಗಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಮಾತಲ್ಲ. ಆದರೆ ರಕ್ತಸ್ರಾವ, ನಂಜು, ರಕ್ತದೊತ್ತಡ ಏರಿ ಬರುವ ಫಿಟ್ಸ್, ಇವು ಬಾಣಂತಿ ಮನೆಗೆ ಬಂದ ಮೇಲೂ ಕಾಡಬಲ್ಲವು. ಅದಕ್ಕೇ 2011ರಿಂದ ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೇ ಬಂದು ತಾಯಿ-ಮಗುವನ್ನು ನೋಡಬೇಕೆಂಬ ಏರ್ಪಾಟು ಇದೆ.

ಈ ಭೇಟಿ ಮೊದಲು ತಪ್ಪುವುದು ತವರಿನ ದಾರಿಯಲ್ಲಿ. ಬಸುರಿಯ ಹೆಸರು ದಾಖಲಾಗಿರುವುದು ಗಂಡನ ಊರಿನಲ್ಲಿ, ಚೊಚ್ಚಲ ಬಾಣಂತನ ನಡೆಯುವುದು ತವರೂರಿನಲ್ಲಿ. ಇಲ್ಲಿಯ ಆಶಾ ಪಾಲಿಗೆ ಅವಳು ಊರಲ್ಲಿಲ್ಲ. ಅಲ್ಲಿಯ ಆಶಾಗೆ ಅವಳು ಬಂದದ್ದೇ ತಿಳಿಯದು. ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿದರಂತೂ ಬಸುರಿನಲ್ಲಿ ಬಿ.ಪಿ. ಏರಿತ್ತೆಂಬ ಮಾತೂ ಅಲ್ಲೇ ಉಳಿಯುತ್ತದೆ. ಮಗಳು ತವರಿಗೆ ಬಂದ ದಿನವೇ ಮನೆಯವರು ಅಲ್ಲಿನ ಆಶಾಗೆ ಒಂದು ಫೋನ್ ಮಾಡಿದರೆ ಈ ಕೊಂಡಿ ಕಳಚುವುದಿಲ್ಲ.

ಆಶಾ ಬಂದಳೆನ್ನಿ. ಮಗುವನ್ನು ಪಡಸಾಲೆಗೆ ತಂದು ತೂಗಿಸುತ್ತಾರೆ. ತಾಯಿ ಹೇಗಿದ್ದಾಳೆಂದು ಕೇಳಿದರೆ, "ಚೆನ್ನಾಗವ್ಳೆ ಕಣವ್ವ, ಈಗ ಮಲಗವ್ಳೆ" ಎಂದು ಅಜ್ಜಿಯೇ ಉತ್ತರ ಕೊಡುತ್ತಾಳೆ. ಹಸಿಮೈಗೆ ಗಾಳಿ ಸೋಕಬಾರದೆಂಬುದು ಆಕೆಯ ಕಾಳಜಿ. ಒಳಗೆ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದವಳಿಗೆ ಹೊಲಿಗೆ ಹಾಕಿದ ಜಾಗ ನೋಯುತ್ತಿರಬಹುದು, ಸ್ರಾವ ನಾರುತ್ತಿರಬಹುದು. ನಾಚಿಕೆಯಿಂದ ಹೆತ್ತ ತಾಯಿಗೂ ಹೇಳದವಳು ಬಾಗಿಲಾಚೆ ನಿಂತವರಿಗೆ ಕೂಗಿ ಹೇಳುತ್ತಾಳೆಯೇ? ಜ್ವರ ಬಂದರೆ ಹಾಲು ಕಟ್ಟಿದ್ದಕ್ಕೆ ಬಂದದ್ದೆಂದು ಸುಮ್ಮನಾಗುತ್ತಾರೆ. ಅದು ಗರ್ಭಕೋಶದ ನಂಜೂ ಆಗಿರಬಹುದು.

ಹಾಗೆಂದು ಅಜ್ಜಿಯನ್ನು ಬೈದು ಪ್ರಯೋಜನವಿಲ್ಲ, ಬೈಯುವುದು ನ್ಯಾಯವೂ ಅಲ್ಲ. ಎಣ್ಣೆ-ನೀರು, ಬಿಸಿಯೂಟ, ಮನೆಗೆಲಸದಿಂದ ಬಿಡುವು, ಹಳ್ಳಿಯ ಹೆಣ್ಣಿಗೆ ಇಷ್ಟು ಆರೈಕೆ ಸಿಗುವುದು ಬಾಣಂತನದಲ್ಲೇ. ಹೊಟ್ಟೆ ಬರುತ್ತದೆಂದು ಕುಡಿಯುವ ನೀರಿಗೆ ಮಿತಿ ಹಾಕುವುದನ್ನು ಮಾತ್ರ ಬಿಡಿಸಬೇಕು; ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ತುಮಕೂರು, ಚಿತ್ರದುರ್ಗದ ಕಡೆ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಲ್ಲಿ ಇರಿಸುವುದಕ್ಕೆ ಯಾವ ಸಮಜಾಯಿಷಿಯೂ ಸಲ್ಲದು.

ದುಡ್ಡಿನ ಅಡ್ಡಿಯೂ ಉಂಟು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಮನೆಗೆ ಬಿಡುವ ವಾಹನವೂ ಉಚಿತ. ಆದರೆ ಸಿಸೇರಿಯನ್ ಗಾಯ ತೋರಿಸಲು ಮತ್ತೆ ಹೊರಟರೆ ಆಟೋ ಬಾಡಿಗೆಯ ಜೊತೆಗೆ ಕರೆದೊಯ್ಯುವವರ ಒಂದು ದಿನದ ಕೂಲಿಯೂ ಹೋಗುತ್ತದೆ. ಹೆರಿಗೆ ಕೋಣೆಯಲ್ಲಿ ಬೈಸಿಕೊಂಡು ಬಂದವಳಿಗೆ ಮತ್ತೆ ಅಲ್ಲಿಗೆ ಹೋಗಲು ಮನಸ್ಸೂ ಬಾರದು.

ಆದ್ದರಿಂದ ಅಪಾಯದ ಗುರುತುಗಳನ್ನು ಬಾಣಂತಿಗಷ್ಟೇ ಅಲ್ಲ, ಅವಳ ತಾಯಿಗೂ ಅತ್ತೆಗೂ ಗಂಡನಿಗೂ ಆಸ್ಪತ್ರೆ ಬಿಡುವ ಮೊದಲೇ ಹೇಳಿಕೊಡಬೇಕು. ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, ಚಳಿಜ್ವರ, ನಾರುವ ಸ್ರಾವ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು, ಮಗುವಿನ ಮುಖ ನೋಡಲೂ ಮನಸ್ಸಾಗದಷ್ಟು ಕುಗ್ಗುವುದು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತ ನಿಲ್ಲದಿದ್ದರೆ, ಫಿಟ್ಸ್ ಬಂದರೆ ನಡುರಾತ್ರಿಯಾದರೂ ತಡಮಾಡದೆ 108ಕ್ಕೆ ಫೋನ್ ಮಾಡಬೇಕು.